ಕಳಿಸಲಾಗದ ಕೇಬಲ್, ಹೊರಗಿನವರಿಗೆ ಸಿಗದ ವಿಳಾಸ: ಮೈಸೂರಿನ ಒಂದು ಮನೆ-ಸ್ಟುಡಿಯೊ ಪ್ರಕರಣ

ಹಿನ್ನೆಲೆ

ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ಮನೆಯ ಮಹಡಿಯನ್ನೇ ಸ್ಟುಡಿಯೊ ಮಾಡಿಕೊಂಡಿರುವ ಮದುವೆ ಛಾಯಾಗ್ರಾಹಕರೊಬ್ಬರು ಎರಡು ದೂರುಗಳನ್ನು ಹೊತ್ತು ನನ್ನ ಬಳಿ ಬಂದರು. ಕಳಿಸಿದ ಫೈಲು ಹೋಗುವುದೇ ಇಲ್ಲ ಎಂಬುದು ಒಂದು. ಮನೆಯಲ್ಲಿಟ್ಟ ನ್ಯಾಸ್, ಅಂದರೆ ಮನೆಯ ನೆಟ್‌ವರ್ಕಿಗೆ ಜೋಡಿಸಿ ಫೈಲುಗಳನ್ನು ಕೂಡಿಡುವ ಡಿಸ್ಕಿನ ಪೆಟ್ಟಿಗೆ, ಹೊರಗಿನಿಂದ ತೆರೆದುಕೊಳ್ಳುವುದಿಲ್ಲ ಎಂಬುದು ಇನ್ನೊಂದು. ಎರಡನ್ನೂ ಅವರು ‘ನೆಟ್ ಸರಿಯಿಲ್ಲ’ ಎಂಬ ಒಂದೇ ಮಾತಿನಲ್ಲಿ ಹೇಳುತ್ತಿದ್ದರು, ಮತ್ತು ಆ ಒಂದೇ ಮಾತಿನ ಮೇಲೆ ಆಗಲೇ ಸಾಕಷ್ಟು ಹಣ ಖರ್ಚು ಮಾಡಿದ್ದರು. ಅವರ ಒಪ್ಪಿಗೆ ಪಡೆದು ಬರೆಯುತ್ತಿರುವ ಈ ವರದಿಯಲ್ಲಿ ಬಡಾವಣೆ, ಕೇಬಲ್ ಸಂಸ್ಥೆ, ಉಪಕರಣಗಳ ಕಂಪನಿ ಮತ್ತು ಮನೆಯವರ ವಿವರಗಳನ್ನು ಬಿಟ್ಟಿದ್ದೇನೆ. ಅಳತೆಗಳನ್ನು ಹತ್ತಿರದ ಪೂರ್ಣ ಸಂಖ್ಯೆಗೆ ತಂದಿದ್ದೇನೆ.

ಮನೆಗೆ ಬರುತ್ತಿದ್ದುದು ಟಿವಿ ಕೇಬಲಿನ ಮೂಲಕವೇ ಹರಿಯುವ ಇಂಟರ್‌ನೆಟ್. 2013ರ ಮಾರ್ಚ್ ಕೊನೆಯಲ್ಲಿ ಕೇಬಲ್ ಡಿಜಿಟಲೀಕರಣದ ಎರಡನೇ ಹಂತ ಮೈಸೂರಿಗೆ ಬಂದು ಮನೆಮನೆಗೆ ಸೆಟ್‌ಟಾಪ್ ಬಾಕ್ಸ್ ಕೂತಾಗ ಹಾಕಿದ ತಂತಿ ಅದು. ಕೆಲವು ವರ್ಷಗಳ ನಂತರ ಅದೇ ತಂತಿಗೆ ಮೋಡೆಮ್ ಸೇರಿತು. ಟಿವಿ ನೋಡುವುದಕ್ಕೂ ಮಗಳ ಪಾಠಕ್ಕೂ ಅಷ್ಟು ವರ್ಷ ಯಾವ ತಕರಾರೂ ಇರಲಿಲ್ಲ.

ತಕರಾರು ಶುರುವಾದದ್ದು ಕೆಲಸದ ರೀತಿ ಬದಲಾದ ಮೇಲೆ. ಮೊದಲು ಎಡಿಟಿಂಗ್ ಎಲ್ಲ ಮಹಡಿಯ ಮೇಲೆಯೇ ನಡೆಯುತ್ತಿತ್ತು. ಅವರ ಬಹುಕಾಲದ ಸಹಾಯಕ ಮದುವೆಯಾಗಿ ಮಂಡ್ಯದ ತಮ್ಮ ಮನೆಗೆ ಮರಳಿದ ನಂತರ, ಚಿತ್ರೀಕರಣಕ್ಕೆ ಮಾತ್ರ ಮೈಸೂರಿಗೆ ಬಂದು ಎಡಿಟಿಂಗನ್ನು ಅಲ್ಲಿಂದಲೇ ಮಾಡುವುದೆಂದು ಮಾತಾಯಿತು. ಛಾಯಾಗ್ರಾಹಕರು ಎರಡು ಡಿಸ್ಕುಗಳ ನ್ಯಾಸ್ ಕೊಂಡು ಮನೆಯಲ್ಲಿಟ್ಟರು. ಮೈಸೂರಿನ ಕ್ಯಾಮೆರಾ ಮೆಮೊರಿ ಕಾರ್ಡುಗಳಿಂದ ನ್ಯಾಸಿಗೆ, ನ್ಯಾಸಿನಿಂದ ಮಂಡ್ಯದ ಕಂಪ್ಯೂಟರಿಗೆ ಎಂಬುದು ಲೆಕ್ಕಾಚಾರ. ಕ್ಲೌಡಿಗೆ ಬಾಡಿಗೆ ಕೊಡುವುದು ತಪ್ಪುತ್ತದೆ, ಅಪ್‌ಲೋಡ್ ಮಾಡುವ ಗೋಳೂ ತಪ್ಪುತ್ತದೆ ಎಂದು ಅವರು ತಿಳಿದಿದ್ದರು. ಈ ಎರಡನೆಯ ಮಾತು ಇಡೀ ಪ್ರಕರಣದ ಬೇರು. ಅದಕ್ಕೆ ಆಮೇಲೆ ಬರುತ್ತೇನೆ.

ಸಮಸ್ಯೆ ಕಂಡ ಬಗೆ

ರಾತ್ರಿ ಕಳಿಸಲು ಹಚ್ಚಿದ ಫೋಟೊಗಳು ಬೆಳಿಗ್ಗೆ ನೋಡಿದರೆ ಕಾಲುಭಾಗವೂ ಹೋಗಿರುತ್ತಿರಲಿಲ್ಲ. ಕಳಿಸುವ ಕೆಲಸ ನಡೆಯುವಷ್ಟು ಹೊತ್ತೂ ಮನೆಯ ಉಳಿದ ಇಂಟರ್‌ನೆಟ್ ಕುಂಟುತ್ತಿತ್ತು. ಮಗಳ ಆನ್‌ಲೈನ್ ತರಗತಿಯಲ್ಲಿ ಮೇಷ್ಟರ ಮುಖ ನಿಂತೇಹೋಗುತ್ತಿತ್ತು, ಗಿರಾಕಿಗಳ ಜೊತೆಗಿನ ವಿಡಿಯೊ ಕರೆ ಕಡಿದುಹೋಗುತ್ತಿತ್ತು, ಆದರೆ ವೇಗ ಅಳೆಯುವ ಆ್ಯಪ್ ತೆರೆದರೆ ಡೌನ್‌ಲೋಡ್ ಸಂಖ್ಯೆ ಚೆನ್ನಾಗಿಯೇ ಕಾಣುತ್ತಿತ್ತು. ಇತ್ತ ಮಂಡ್ಯದಿಂದ ಫೋನು: ‘ಅಣ್ಣಾ, ನ್ಯಾಸ್ ಓಪನ್ನೇ ಆಗ್ತಿಲ್ಲ, ಸುತ್ತುತಾನೇ ಇದೆ.’

ದೂರು ಕೊಟ್ಟಾಗಲೆಲ್ಲ ಕೇಬಲ್ ಕಚೇರಿಯಿಂದ ಹುಡುಗನೊಬ್ಬ ಬಂದು, ತನ್ನ ಮೊಬೈಲಿನಲ್ಲಿ ವೇಗ ಅಳೆದು, ‘ಸಾರ್, ಸ್ಪೀಡ್ ಬರ್ತಿದೆಯಲ್ಲ’ ಎಂದು ತೋರಿಸಿ ಹೋಗುತ್ತಿದ್ದ. ಅವನು ತೋರಿಸುತ್ತಿದ್ದ ಸಂಖ್ಯೆ ನಿಜವೇ ಆಗಿತ್ತು. ಅದು ದೂರಿಗೆ ಸಂಬಂಧಪಟ್ಟದ್ದಾಗಿರಲಿಲ್ಲ, ಅಷ್ಟೆ.

ಮೊದಲು ಮಾಡಿದ ಖರ್ಚುಗಳು

ನನ್ನ ಬಳಿ ಬರುವ ಮೊದಲು ಅವರು ಮೂರು ದಾರಿ ಹಿಡಿದಿದ್ದರು. 50 ಎಂಬಿಪಿಎಸ್ (ಸೆಕೆಂಡಿಗೆ 50 ಮೆಗಾಬಿಟ್) ಯೋಜನೆಯನ್ನು 100ಕ್ಕೆ ಏರಿಸಿದ್ದರು. ದುಬಾರಿಯ ರೌಟರ್ ಒಂದನ್ನು ತಂದಿದ್ದರು. ಯೂಟ್ಯೂಬ್ ನೋಡಿಕೊಂಡು ರೌಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡಿ (ಹೊರಗಿನ ಕೋರಿಕೆಯನ್ನು ನ್ಯಾಸಿಗೆ ದಾಟಿಸುವ ಬಾಗಿಲು ತೆರೆದು), ಮನೆಯ ಸಂಪರ್ಕವನ್ನು ಇಂಟರ್‌ನೆಟ್ಟಿನಲ್ಲಿ ಗುರುತಿಸುವ, ಆಗಾಗ ಬದಲಾಗುವ ಐಪಿ ವಿಳಾಸಕ್ಕೊಂದು ಸ್ಥಿರ ಹೆಸರು ಕೊಡುವ ಡೈನಾಮಿಕ್ ಡಿಎನ್‌ಎಸ್ ಸೇವೆಯನ್ನೂ ಜೋಡಿಸಿದ್ದರು. ಮೂರೂ ಸರಿಯಾದ ಕೆಲಸಗಳೇ, ಬೇರೆ ಮನೆಯಲ್ಲಾಗಿದ್ದರೆ ಫಲಿಸುತ್ತಿದ್ದವು. ಇಲ್ಲಿ ಒಂದೂ ಫಲಿಸಲಿಲ್ಲ.

ಯೋಜನೆ ಏರಿಸಿದ್ದೇಕೆ ನಿರುಪಯೋಗವಾಯಿತು ಎಂಬುದಕ್ಕೆ ಯೋಜನೆಯ ವಿವರಗಳಲ್ಲೇ ಉತ್ತರವಿತ್ತು. ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿದ್ದುದು ಡೌನ್‌ಲೋಡ್ ವೇಗ. ಅಪ್‌ಲೋಡ್ ಎಷ್ಟು ಎಂಬುದು ಅದರಲ್ಲಿ ಎಲ್ಲೂ ಇರಲಿಲ್ಲ; ಫೋನಿನಲ್ಲಿ ಪಟ್ಟುಹಿಡಿದು ಕೇಳಿದ ಮೇಲೆ 50ರ ಯೋಜನೆಗೂ 100ರ ಯೋಜನೆಗೂ ಅದು 5 ಎಂಬಿಪಿಎಸ್ಸೇ ಎಂದು ತಿಳಿಯಿತು. ಸಂಸ್ಥೆಯೊಂದನ್ನೇ ದೂರುವಂತಿಲ್ಲ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಬ್ರಾಡ್‌ಬ್ಯಾಂಡಿನ ವ್ಯಾಖ್ಯೆಯನ್ನು 512 ಕೆಬಿಪಿಎಸ್ಸಿನಿಂದ 2 ಎಂಬಿಪಿಎಸ್ಸಿಗೆ ಏರಿಸಿದಾಗಲೂ ಲೆಕ್ಕಕ್ಕೆ ಬಂದದ್ದು ಕನಿಷ್ಠ ಡೌನ್‌ಲೋಡ್ ವೇಗ ಮಾತ್ರ.

5 ಎಂಬಿಪಿಎಸ್ ಎಂದರೆ ಎಷ್ಟು ಎಂದು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದ್ದು ಈ ಪ್ರಕರಣದಲ್ಲಿ ನಾನು ಮಾಡಿದ ಮೊದಲ ಉಪಯುಕ್ತ ಕೆಲಸ. ಯೋಜನೆಯ ವೇಗ ಬಿಟ್‌ಗಳಲ್ಲಿ, ಫೈಲಿನ ಗಾತ್ರ ಬೈಟ್‌ಗಳಲ್ಲಿ; ಎಂಟು ಬಿಟ್ ಸೇರಿ ಒಂದು ಬೈಟ್. ಆದ್ದರಿಂದ ಒಂದು ಜಿಬಿ ಕಳಿಸಲು 5 ಎಂಬಿಪಿಎಸ್ಸಿನಲ್ಲಿ 1,600 ಸೆಕೆಂಡು, ಅಂದರೆ ಹತ್ತಿರ ಹತ್ತಿರ 27 ನಿಮಿಷ ಬೇಕು. ಒಂದು ಮದುವೆಗೆ ತಲಾ 30 ಎಂಬಿಯ 2,500 ರಾ ಚಿತ್ರಗಳೆಂದರೆ (ಕ್ಯಾಮೆರಾದ ಸಂಸ್ಕರಿಸದ ಮೂಲಪ್ರತಿಗಳು) 75 ಜಿಬಿ. 100 ಎಂಬಿಪಿಎಸ್ ದರದಲ್ಲಿ ಚಿತ್ರಿಸಿದ 4ಕೆ ವಿಡಿಯೊ ಗಂಟೆಗೆ 45 ಜಿಬಿಯಾದರೆ ಮೂರು ಗಂಟೆಗೆ 135. ಒಟ್ಟು 210 ಜಿಬಿಯನ್ನು ಸಾಗಿಸಲು 93 ಗಂಟೆ, ಒಂದು ಕ್ಷಣವೂ ನಿಲ್ಲದೆ, ಬೇರೆ ಯಾರೂ ಏನನ್ನೂ ಕಳಿಸದೆ. ವೈಶಾಖದ ಮುಹೂರ್ತಗಳ ಸಾಲಿನಲ್ಲಿ ಅಷ್ಟರೊಳಗೆ ಇನ್ನೊಂದು ಮದುವೆಯ ಮೆಮೊರಿ ಕಾರ್ಡುಗಳು ಮನೆಗೆ ಬಂದಿರುತ್ತವೆ. ಅವರ ಹೆಂಡತಿ, ಸ್ಟುಡಿಯೊದ ಲೆಕ್ಕಪತ್ರ ನೋಡಿಕೊಳ್ಳುವವರು, ಆ ಕಾಗದವನ್ನು ನೋಡಿ, ‘ಹಾಗಾದ್ರೆ ಇದು ಯಾವತ್ತೂ ಮುಗಿಯೋ ಕೆಲಸವೇ ಅಲ್ಲವಲ್ಲಾರೀ’ ಎಂದು ಗಂಡನಿಗೆ ಹೇಳಿದರು. ತಾಂತ್ರಿಕ ಭಾಷೆಯಲ್ಲಿ ಇದಕ್ಕಿಂತ ಚೊಕ್ಕವಾಗಿ ಹೇಳಲಾಗದು.

ತಂತಿಯ ಒಳಗೆ

ಕೇಬಲಿನಲ್ಲಿ ಅಪ್‌ಲೋಡ್ ಇಷ್ಟು ಕಡಿಮೆ ಏಕೆ ಎಂಬ ಪ್ರಶ್ನೆಗೆ ಉತ್ತರ ಟಿವಿಯ ಕಾಲದ್ದು. ಒಂದೇ ತಾಮ್ರದ ತಂತಿಯಲ್ಲಿ ತರಂಗಾಂತರಗಳನ್ನು ಹಂಚುವಾಗ, ಮನೆಗೆ ಬರುವ ಚಾನೆಲುಗಳಿಗೆ ನೂರಾರು ಮೆಗಾಹರ್ಟ್ಸ್ ಜಾಗ ಸಿಕ್ಕಿತು. ಮನೆಯಿಂದ ಹಿಂದಕ್ಕೆ ಹೋಗಬೇಕಾದ ಸಂಕೇತಗಳಿಗೆ ತಳದ ಸಣ್ಣ ಪಟ್ಟಿ ಉಳಿಯಿತು. ಡಾಕ್ಸಿಸ್ ಎಂಬ ಕೇಬಲ್ ಇಂಟರ್‌ನೆಟ್ ಮಾನದಂಡದ ಅಮೆರಿಕದ ರೂಪದಲ್ಲಿ ಅದು ಬಹುಕಾಲ 5ರಿಂದ 42 ಮೆಗಾಹರ್ಟ್ಸ್, ಯುರೋಪಿನ ರೂಪದಲ್ಲಿ 5ರಿಂದ 65. ಆ ಪಟ್ಟಿಯಲ್ಲಿಯೇ ಎಲ್ಲ ಮನೆಗಳ ಅಪ್‌ಲೋಡ್ ನಡೆಯಬೇಕು. ಡೌನ್‌ಲೋಡಿನಲ್ಲಿ ಒಂದು ಕೇಂದ್ರ ಎಲ್ಲರಿಗೂ ಹಂಚುತ್ತದೆ. ಅಪ್‌ಲೋಡಿನಲ್ಲಿ ಪ್ರತಿ ಮೋಡೆಮ್ಮೂ ಕೇಂದ್ರವನ್ನು ಕೇಳಿ, ತನಗೆ ಕೊಟ್ಟ ಕ್ಷಣದಲ್ಲಿ ಮಾತ್ರ ಕಳಿಸಬೇಕು. ಅದಕ್ಕಿಂತ ಮುಖ್ಯವಾದ ತೊಡಕು ಗದ್ದಲದ್ದು: ಒಂದು ಮನೆಯ ಸಡಿಲ ಕನೆಕ್ಟರಿನಿಂದ ಒಳನುಗ್ಗಿದ ವಿದ್ಯುತ್ ಗದ್ದಲ, ಮಿಕ್ಸಿಯದಿರಲಿ ಮೋಟಾರಿನದಿರಲಿ, ಮೇಲಕ್ಕೆ ಹೋಗುತ್ತಾ ಬೀದಿಯ ಎಲ್ಲ ಮನೆಗಳ ಗದ್ದಲದೊಂದಿಗೆ ಕೂಡಿಕೊಳ್ಳುತ್ತದೆ. ಆದ್ದರಿಂದ ಅಪ್‌ಲೋಡ್ ದಾರಿಯನ್ನು ಸಂಸ್ಥೆಗಳು ಎಚ್ಚರದಿಂದ, ಕಡಿಮೆ ವೇಗದಲ್ಲಿ ನಡೆಸುತ್ತವೆ.

ಕೇಬಲ್ ಮೋಡೆಮ್‌ಗಳು ತಮ್ಮ ಸ್ಥಿತಿಯನ್ನು ಸಾಮಾನ್ಯವಾಗಿ 192.168.100.1 ಎಂಬ ಪುಟದಲ್ಲಿ ತೋರಿಸುತ್ತವೆ. ಈ ಮನೆಯ ಮೋಡೆಮ್ ಎಂಟು ಡೌನ್‌ಲೋಡ್ ಚಾನೆಲುಗಳನ್ನೂ ಒಂದೇ ಒಂದು ಅಪ್‌ಲೋಡ್ ಚಾನೆಲನ್ನೂ ತೋರಿಸಿತು. 8 ಮೆಗಾಹರ್ಟ್ಸ್ ಅಗಲದ ಡೌನ್‌ಲೋಡ್ ಚಾನೆಲ್ ಒಂದಕ್ಕೆ ಸುಮಾರು 50 ಎಂಬಿಪಿಎಸ್ ಎಂದುಕೊಂಡರೆ ಎಂಟಕ್ಕೆ 400, 6.4 ಮೆಗಾಹರ್ಟ್ಸಿನ ಒಂದು ಅಪ್‌ಲೋಡ್ ಚಾನೆಲಿಗೆ ಎಲ್ಲವೂ ಸರಿಯಿದ್ದಾಗ ಸುಮಾರು 30. ಆ 30 ಆ ಭಾಗದ ಅಷ್ಟೂ ಮನೆಗಳಿಗೆ.

ಇದಿಷ್ಟೇ ಆಗಿದ್ದರೆ ‘ತಂತಿಯ ಗುಣವೇ ಹಾಗೆ’ ಎಂದು ಕೈಚೆಲ್ಲಬಹುದಿತ್ತು. ಆದರೆ ಬೇರೆಬೇರೆ ಹೊತ್ತಿನಲ್ಲಿ ಅಪ್‌ಲೋಡ್ ಮಾತ್ರ ಅಳೆದಾಗ ಅದು ಬೆಳಗಿನ ಜಾವವೂ 5 ಮುಟ್ಟಲಿಲ್ಲ. ಸಂಜೆ 1ರಿಂದ 2ರ ನಡುವೆ ಏರಿಳಿಯಿತು. ಮೋಡೆಮಿನ ಪುಟದಲ್ಲಿ ಅದು ಕಳಿಸುವ ಸಂಕೇತದ ಬಲ 51 ಡಿಬಿಎಂವಿ ಎಂದಿತ್ತು. ಮೋಡೆಮ್ ತನ್ನ ಗಂಟಲು ಹರಿದುಕೊಂಡು ಕೂಗಬೇಕಾಗಿದೆ ಎಂದು ಅದರ ಅರ್ಥ. ನಡುವೆ ಎಲ್ಲೋ ಸಂಕೇತ ಸೋರುತ್ತಿತ್ತು.

ತಾರಸಿಗೆ ಹತ್ತಿ ನೋಡಿದೆವು. ನೀರಿನ ಟ್ಯಾಂಕಿನ ಮಗ್ಗುಲಲ್ಲಿ, ಪ್ಯಾರಾಪೆಟ್ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದ ಒಂದು ತಂತಿಯನ್ನು ಕವಲಾಗಿಸುವ ನಾಲ್ಕು ಬಾಯಿಯ ಸ್ಪ್ಲಿಟರ್ ಕಣ್ಣಿಗೆ ಬಿತ್ತು. ಸುತ್ತಿದ್ದ ಕಪ್ಪು ಟೇಪು ಬಿಸಿಲಿಗೆ ಸುಕ್ಕುಗಟ್ಟಿ ಬಿಚ್ಚಿಕೊಂಡಿತ್ತು. ಎರಡು ಬಾಯಿಗಳಿಗೆ ತಂತಿ. ಉಳಿದೆರಡು ಮುಚ್ಚಳವಿಲ್ಲದೆ ಆಕಾಶಕ್ಕೆ ತೆರೆದಿದ್ದವು. ಬಂದ ತಂತಿಯ ಕನೆಕ್ಟರನ್ನು ತಿರುಗಿಸಿದರೆ ಅದು ಕೈಯಲ್ಲೇ ಬಂತು. ಒಳಗಿನ ತಾಮ್ರದ ಕಡ್ಡಿ ಹಸಿರು ಬಣ್ಣಕ್ಕೆ ತಿರುಗಿತ್ತು. ಮನೆಯಲ್ಲಿ ಹಿಂದೆ ನಾಲ್ಕು ಟಿವಿಗಳಿದ್ದ ಕಾಲದ ಸ್ಪ್ಲಿಟರ್ ಅದು. ನಾಲ್ಕು ದಾರಿಯ ಸ್ಪ್ಲಿಟರ್ ಪ್ರತಿ ದಾರಿಯಲ್ಲೂ ಸುಮಾರು 7 ಡಿಬಿ ಬಲವನ್ನು ನುಂಗುತ್ತದೆ, ಬರುವಾಗಲೂ ಹೋಗುವಾಗಲೂ.

ಮೊದಲ ತಿರುವು

ಇಲ್ಲಿ ಒಂದು ತೀರ್ಮಾನ ಮಾಡಬೇಕಾಯಿತು. ಬೀದಿಯ ತಂತಿಯನ್ನೆಲ್ಲ ಪರೀಕ್ಷಿಸಬೇಕೆಂದು ಸಂಸ್ಥೆಗೆ ಲಿಖಿತ ದೂರು ಕೊಡುವುದು ಒಂದು ದಾರಿ, ನಮ್ಮ ಮನೆಯ ಪಾಲನ್ನು ಮೊದಲು ನೆಟ್ಟಗೆ ಮಾಡಿಕೊಂಡು ಆಮೇಲೆ ದೂರುವುದು ಇನ್ನೊಂದು. ಎರಡನೆಯದನ್ನು ಆರಿಸಿದೆವು, ಏಕೆಂದರೆ ಮನೆಯೊಳಗಿನ ದೋಷವಿದ್ದಷ್ಟು ದಿನ ಸಂಸ್ಥೆಯವರು ಅದನ್ನೇ ತೋರಿಸಿ ಜಾರಿಕೊಳ್ಳುತ್ತಾರೆ. ಆದರೆ ಸೀಸನ್ನಿನ ನಡುವೆ ತಂತಿ ಮುಟ್ಟಲು ಛಾಯಾಗ್ರಾಹಕರು ಒಪ್ಪಲಿಲ್ಲ. ಇದ್ದದ್ದೂ ಹೋದರೆ ಎಂಬ ಭಯ. ಹೀಗಾಗಿ ಆಷಾಢ ಬರುವವರೆಗೆ ಕಾದು, ಮದುವೆಗಳಿಲ್ಲದ ಆ ತಿಂಗಳಲ್ಲಿ ಕೆಲಸ ಹಿಡಿದೆವು. ಮೋಡೆಮಿಗೆ ಬರುವ ತಂತಿಯನ್ನು ಸ್ಪ್ಲಿಟರಿನಿಂದ ಬಿಡಿಸಿ ನೇರವಾಗಿ ಕೊಟ್ಟೆವು. ಟಿವಿಯ ಸಂಪರ್ಕಕ್ಕೆ ಕೇಬಲ್ ಹುಡುಗ ತನ್ನ ಬೀದಿಕಂಬದ ಪೆಟ್ಟಿಗೆಯಿಂದಲೇ ಬೇರೊಂದು ಎಳೆ ತಂದುಕೊಟ್ಟ. ದೂರು ನಿರ್ದಿಷ್ಟವಾಗಿದ್ದಾಗ ಆತ ಬಹಳ ಚುರುಕಾಗಿ ಕೆಲಸ ಮಾಡಿದ ಎಂಬುದನ್ನೂ ಹೇಳಬೇಕು. ಕನೆಕ್ಟರುಗಳು ಹೊಸವು, ಟೇಪಿನ ಬದಲು ಮಳೆ ತಾಳುವ ಡಬ್ಬಿ.

ಕಳಿಸುವ ಬಲ 44 ಡಿಬಿಎಂವಿಗೆ ಇಳಿಯಿತು. ಅಪ್‌ಲೋಡ್ ಹಗಲಿನಲ್ಲಿ 5ಕ್ಕೆ ಬಂದು ನಿಂತಿತು, ಸಂಜೆಯ ಗಿಜಿಗಿಜಿಯಲ್ಲಿ 4ರ ಆಸುಪಾಸು. ಅಲ್ಲಿಂದ ಮೇಲೆ ಒಂದಿಷ್ಟೂ ಹತ್ತಲಿಲ್ಲ, ಮತ್ತು ಹತ್ತುವಂತೆಯೂ ಇರಲಿಲ್ಲ. ಕೇಬಲ್ ಮೋಡೆಮ್ ಪ್ರತಿಸಲ ಚಾಲೂ ಆದಾಗ ಸಂಸ್ಥೆಯಿಂದ ಒಂದು ಸಂರಚನಾ ಕಡತವನ್ನು ತರಿಸಿಕೊಳ್ಳುತ್ತದೆ. ಗರಿಷ್ಠ ಅಪ್‌ಲೋಡ್ ವೇಗ ಅದರಲ್ಲಿಯೇ ಬರೆದಿರುತ್ತದೆ. ಮನೆಯ ರೌಟರಿಗೆ ಎಷ್ಟೇ ದುಡ್ಡು ಸುರಿದರೂ ಆ ಸಂಖ್ಯೆ ಬದಲಾಗದು. ದೋಷದಿಂದ ಬರುವ ಕೊರತೆ ಒಂದು, ಸಂಸ್ಥೆ ಹಾಕಿದ ಮಿತಿ ಮತ್ತೊಂದು. ಸ್ಪ್ಲಿಟರ್ ತೆಗೆದ ದಿನ ಈ ಎರಡೂ ಬೇರೆಬೇರೆಯಾಗಿ ಕಂಡವು.

ಕಳಿಸುವಾಗ ಮನೆಯ ಉಳಿದ ಇಂಟರ್‌ನೆಟ್ ಕುಂಟುವುದು ಮಾತ್ರ ಇನ್ನೂ ನಿಂತಿರಲಿಲ್ಲ. ಸುಮ್ಮನಿದ್ದಾಗ 20 ಮಿಲಿಸೆಕೆಂಡಿನಲ್ಲಿ ಬರುತ್ತಿದ್ದ ಪಿಂಗ್ ಉತ್ತರ (ಹೋಗಿಬರುವ ಹೊತ್ತನ್ನು ಅಳೆಯಲು ಕಳಿಸುವ ಸಣ್ಣ ಕರೆಗೆ ಬರುವ ಉತ್ತರ), ದೊಡ್ಡ ಅಪ್‌ಲೋಡ್ ಹಚ್ಚಿದ ಕೂಡಲೇ 900ರ ಹತ್ತಿರ ಹೋಗುತ್ತಿತ್ತು. ಮೋಡೆಮಿನೊಳಗೆ ಕಳಿಸಬೇಕಾದ ಡೇಟಾ ಪೊಟ್ಟಣಗಳ ಉದ್ದನೆಯ ಸಾಲು ಬೆಳೆಯುತ್ತದೆ, ಎಲ್ಲರೂ ಆ ಸಾಲಿನ ಕೊನೆಯಲ್ಲಿ ನಿಲ್ಲಬೇಕು. ಡೌನ್‌ಲೋಡಿಗೂ ಇದರ ಪೆಟ್ಟು ತಾಗುತ್ತದೆ, ಏಕೆಂದರೆ ಬಂದ ಪ್ರತಿಯೊಂದು ಕಂತಿಗೂ ‘ತಲುಪಿತು’ ಎಂಬ ರಸೀದಿ ಅಪ್‌ಲೋಡ್ ದಾರಿಯಲ್ಲಿಯೇ ಹೋಗಬೇಕು. ರಸೀದಿ ತಡವಾದರೆ ಕಳಿಸುವವನು ನಿಧಾನಿಸುತ್ತಾನೆ. 100 ಎಂಬಿಪಿಎಸ್ ಯೋಜನೆಯಲ್ಲಿ ಮೇಷ್ಟರ ಮುಖ ನಿಂತುಹೋಗುತ್ತಿದ್ದುದರ ಗುಟ್ಟು ಇದು.

ಪರಿಹಾರ ಮನೆಯಲ್ಲೇ ಇತ್ತು. ಮೊದಲು ವ್ಯರ್ಥವೆಂದುಕೊಂಡಿದ್ದ ದುಬಾರಿ ರೌಟರಿನಲ್ಲಿ ಸಾಲು ನಿರ್ವಹಣೆಯ ಒಳ್ಳೆಯ ವ್ಯವಸ್ಥೆಯಿತ್ತು. ಯಾರೂ ಅದನ್ನು ಚಾಲೂ ಮಾಡಿರಲಿಲ್ಲ. ಅಪ್‌ಲೋಡ್ ಮಿತಿಯನ್ನು ನಾವೇ 4.5 ಎಂಬಿಪಿಎಸ್ ಎಂದು ಕೊಟ್ಟೆವು. ನಿಜವಾದ ಮಿತಿಗಿಂತ ಸ್ವಲ್ಪ ಕೆಳಗಿಟ್ಟರೆ ಸಾಲು ಮೋಡೆಮಿನಲ್ಲಿ ಬೆಳೆಯದೆ ರೌಟರಿನ ಹಿಡಿತಕ್ಕೆ ಬರುತ್ತದೆ, ಮತ್ತು ರೌಟರು ವಿಡಿಯೊ ಕರೆಯ ಸಣ್ಣ ಪೊಟ್ಟಣಗಳನ್ನು ದೊಡ್ಡ ಫೈಲಿನ ಹಿಂದೆ ಕಾಯಿಸದೆ ಬಿಟ್ಟುಕೊಡುತ್ತದೆ. ಹತ್ತನೇ ಒಂದು ಭಾಗ ವೇಗ ಬಿಟ್ಟುಕೊಟ್ಟು ಮನೆಯ ನೆಮ್ಮದಿ ಕೊಂಡಂತಾಯಿತು. ಮಗಳ ತರಗತಿಯ ದೂರು ಅಲ್ಲಿಗೆ ಮುಗಿಯಿತು.

ವಿಳಾಸದ ಪ್ರಶ್ನೆ

ಮಂಡ್ಯದ ದೂರು ಇದ್ದಲ್ಲೇ ಇತ್ತು. ರೌಟರಿನ ಹೊರಮುಖದ ವಿಳಾಸ ನೋಡಿದಾಗ ಅದರ ಮೊದಲ ಭಾಗ 100, ಎರಡನೇ ಭಾಗ 70ರಿಂದ 79ರೊಳಗಿನ ಒಂದು ಸಂಖ್ಯೆಯಾಗಿತ್ತು. ‘ನನ್ನ ಐಪಿ ಯಾವುದು’ ಎಂದು ತೋರಿಸುವ ಜಾಲತಾಣದಲ್ಲಿ ಬೇರೊಂದು ವಿಳಾಸ ಕಂಡಿತು. ಎರಡೂ ಒಂದೇ ಆಗಿಲ್ಲದಿದ್ದರೆ ನಡುವೆ ವಿಳಾಸವನ್ನು ಬದಲಿಸುವ ಇನ್ನೊಂದು ಯಂತ್ರ ಇದೆ ಎಂದೇ ಅರ್ಥ. 100.64.0.0ಯಿಂದ 100.127.255.255ರವರೆಗಿನ ಸುಮಾರು 42 ಲಕ್ಷ ವಿಳಾಸಗಳನ್ನು 2012ರಲ್ಲಿ ಇಂಥ ಹಂಚಿಕೆಯ ಬಳಕೆಗೆಂದೇ ಎತ್ತಿಡಲಾಗಿದೆ. ಐಪಿವಿ4 ಎಂಬ ಈ ಹಳೆಯ ಮಾದರಿಯ ವಿಳಾಸಗಳು ಒಟ್ಟಾರೆ ಇರುವುದೇ 429 ಕೋಟಿಯಷ್ಟು. ಏಷ್ಯಾ ಪೆಸಿಫಿಕ್ ಭಾಗದ ದಾಸ್ತಾನು 2011ರ ಏಪ್ರಿಲಿನಲ್ಲೇ ಕೊನೆಯ ಕಂತಿಗೆ ಬಂದಿತ್ತು. ತಡವಾಗಿ ಬೆಳೆದ ಸಂಸ್ಥೆಗಳು ತಮ್ಮಲ್ಲಿರುವ ಕೆಲವೇ ಸಾರ್ವಜನಿಕ ವಿಳಾಸಗಳ ಹಿಂದೆ ಸಾವಿರಾರು ಮನೆಗಳನ್ನು ಕೂರಿಸುತ್ತವೆ. ಇದಕ್ಕೆ ಸಿಜಿನ್ಯಾಟ್ ಎಂದು ಹೆಸರು.

ಮೈಸೂರಿನ ಹಳೆಯ ವಠಾರಗಳನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ವಠಾರದೊಳಗಿನ ಯಾರಾದರೂ ಕಾಗದ ಬರೆದು ಹಾಕಿದರೆ, ಯಾವ ಮನೆಯಿಂದ ಹೋಯಿತೆಂದು ಬಾಗಿಲಲ್ಲಿ ಗುರುತಿಟ್ಟುಕೊಂಡು, ಉತ್ತರವನ್ನು ಆ ಮನೆಗೆ ಕೊಡಬಹುದು. ಆದರೆ ಹೊರಗಿನಿಂದ ತಾನಾಗಿ ಬಂದ ಹೊಸ ಕಾಗದದ ಮೇಲೆ ವಠಾರದ ಹೊರಬಾಗಿಲ ಸಂಖ್ಯೆ ಮಾತ್ರ ಇದ್ದರೆ, ಅದನ್ನು ಒಳಗಿನ ಯಾವ ಮನೆಗೆ ಕೊಡಬೇಕೆಂದು ಅಂಚೆಯವನಿಗೆ ತಿಳಿಯುವುದಿಲ್ಲ. ಮಂಡ್ಯದ ಸಹಾಯಕನ ಕೋರಿಕೆ ಡೈನಾಮಿಕ್ ಡಿಎನ್‌ಎಸ್ ಹೇಳಿದ ವಿಳಾಸ ಹಿಡಿದು ಸಂಸ್ಥೆಯ ಹೊರಬಾಗಿಲವರೆಗೆ ಬಂದು ಅಲ್ಲಿಯೇ ಸಾಯುತ್ತಿತ್ತು. ಛಾಯಾಗ್ರಾಹಕರು ತಮ್ಮ ರೌಟರಿನಲ್ಲಿ ತೆರೆದಿದ್ದ ಪೋರ್ಟು ಒಳಗಿನ ಬಾಗಿಲಿನದು. ಹೊರಬಾಗಿಲು ಅವರ ಕೈಯಲ್ಲಿರಲಿಲ್ಲ.

ಸಂಸ್ಥೆಯವರು ತಿಂಗಳಿಗೆ ಪ್ರತ್ಯೇಕ ಶುಲ್ಕದ ಮೇಲೆ ಸ್ಟ್ಯಾಟಿಕ್ ಐಪಿ, ಅಂದರೆ ಈ ಮನೆಗೆಂದೇ ಬದಲಾಗದ ಸಾರ್ವಜನಿಕ ವಿಳಾಸ, ಕೊಡುತ್ತೇವೆಂದರು. ನಾನು ಸ್ವಲ್ಪ ತಡೆಯಿರಿ ಎಂದೆ. ಛಾಯಾಗ್ರಾಹಕರಿಗೆ ತಾಳ್ಮೆ ಉಳಿದಿರಲಿಲ್ಲ. ಗುರುತಿನ ದಾಖಲೆ ಕೊಟ್ಟು, ಮೂರು ತಿಂಗಳ ಶುಲ್ಕ ಮುಂಗಡ ಕಟ್ಟಿ ತೆಗೆದುಕೊಂಡರು. ಮಂಡ್ಯದಲ್ಲಿ ನ್ಯಾಸ್ ಮೊದಲ ಸಲ ತೆರೆದುಕೊಂಡಿತು. ‘ಬಂತು ಅಣ್ಣ, ಬಂತು’ ಎಂದು ಫೋನಿನಲ್ಲಿ ಕೂಗಿದ ಸಹಾಯಕನೇ ಅರ್ಧ ಗಂಟೆಯಲ್ಲಿ ಮತ್ತೆ ಫೋನು ಮಾಡಿದ: ಒಂದು ವಿಡಿಯೊ ಫೈಲು ಇಳಿಯಲು ಹನ್ನೊಂದು ಗಂಟೆ ಎಂದು ತೋರಿಸುತ್ತಿದೆ.

ಎರಡನೆಯ ತಿರುವು

ಈ ಫೋನು ಬಂದ ಸಂಜೆ ಪ್ರಕರಣ ನಿಜವಾಗಿ ತಿರುಗಿತು. ಮಂಡ್ಯದವರ ಡೌನ್‌ಲೋಡ್ ಎಂದರೆ ಮೈಸೂರಿನವರ ಅಪ್‌ಲೋಡ್. ಕ್ಲೌಡಿಗೆ ಕಳಿಸಿದರೂ ಆ 4.5 ಎಂಬಿಪಿಎಸ್ಸಿನ ಬಾಯಿಯಿಂದಲೇ ಹೋಗಬೇಕು, ಮನೆಯ ನ್ಯಾಸಿನಿಂದ ಎಳೆದುಕೊಂಡರೂ ಅದೇ ಬಾಯಿಯಿಂದ. ಕ್ಲೌಡಿನಲ್ಲಾದರೆ ಒಮ್ಮೆ ಏರಿಸಿದ್ದನ್ನು ಎಷ್ಟು ಜನ ಬೇಕಾದರೂ ಅಲ್ಲಿಂದ ಇಳಿಸಿಕೊಳ್ಳಬಹುದು. ಮನೆಯ ನ್ಯಾಸಿನಿಂದಾದರೆ ಪ್ರತಿಯೊಬ್ಬರೂ ಇಳಿಸಿಕೊಂಡಾಗಲೆಲ್ಲ ಅಪ್‌ಲೋಡ್ ಮತ್ತೆ ಮೊದಲಿನಿಂದ. ‘ಅಪ್‌ಲೋಡ್ ಗೋಳು ತಪ್ಪಿತು’ ಎಂದು ನ್ಯಾಸ್ ಕೊಂಡಾಗ ಅಂದುಕೊಂಡಿದ್ದು ತಲೆಕೆಳಗಾಗಿತ್ತು. ಸ್ಟ್ಯಾಟಿಕ್ ಐಪಿ ಬಾಗಿಲನ್ನು ತೋರಿಸಿತು, ಬಾಗಿಲಿನ ಅಗಲವನ್ನು ಹೆಚ್ಚಿಸಲಿಲ್ಲ.

ಇನ್ನೊಂದು ತೊಂದರೆಯೂ ಜೊತೆಗೇ ಕಾಣಿಸಿಕೊಂಡಿತು. ಸಾರ್ವಜನಿಕ ವಿಳಾಸ ಬಂದ ಮರುದಿನವೇ ನ್ಯಾಸಿನ ದಾಖಲೆಯಲ್ಲಿ ಯಾವಯಾವುದೋ ದೇಶಗಳ ವಿಳಾಸಗಳಿಂದ ‘ಅಡ್ಮಿನ್’ ಹೆಸರಿನಲ್ಲಿ ಲಾಗಿನ್ ಪ್ರಯತ್ನಗಳು ಸಾಲುಗಟ್ಟಿದ್ದವು. ಇದು ಯಾರೋ ಅವರನ್ನೇ ಗುರಿಯಿಟ್ಟು ಮಾಡಿದ್ದಲ್ಲ. ತೆರೆದ ಪೋರ್ಟುಗಳನ್ನು ಯಂತ್ರಗಳು ಹಗಲಿರುಳೂ ಹುಡುಕುತ್ತಿರುತ್ತವೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಹಬ್ಬಿದ್ದು ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಉಳಿಸಿಕೊಂಡ ಕ್ಯಾಮೆರಾ ಮತ್ತು ಡಿವಿಆರ್‌ಗಳ ಮೂಲಕ. 2022ರಲ್ಲಿ ಡೆಡ್‌ಬೋಲ್ಟ್ ಎಂಬುದು ಇಂಟರ್‌ನೆಟ್ಟಿಗೆ ನೇರವಾಗಿ ಒಡ್ಡಿಕೊಂಡಿದ್ದ ನ್ಯಾಸ್‌ಗಳನ್ನು ಹುಡುಕಿ, ಒಳಗಿನ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿತು. ಬೇರೆಯವರ ಮದುವೆಯ ಏಕೈಕ ಪ್ರತಿ ಇರುವ ಪೆಟ್ಟಿಗೆಯನ್ನು ಆ ಗಾಳಿಗೆ ಒಡ್ಡುವುದು ಯಾವ ಲೆಕ್ಕದಿಂದಲೂ ಸರಿಯಲ್ಲ. ಅವತ್ತೇ ಪೋರ್ಟುಗಳನ್ನು ಮುಚ್ಚಿಸಿದೆ. ಇದರಲ್ಲಿ ಚರ್ಚೆಗೆ ಅವಕಾಶ ಕೊಡಲಿಲ್ಲ.

ಏನು ನಿಂತಿತು

ಮುಂದಿನ ವ್ಯವಸ್ಥೆಯನ್ನು ಫೈಲಿನ ಗಾತ್ರಕ್ಕೆ ತಕ್ಕಂತೆ ವಿಂಗಡಿಸಿದೆವು. ಮದುವೆಯ ರಾತ್ರಿ ಎಲ್ಲ 2,500 ಚಿತ್ರಗಳ ಸಣ್ಣ ಪ್ರತಿಗಳು, ಒಂದೊಂದು ಸುಮಾರು 1 ಎಂಬಿ, ಮಂಡ್ಯಕ್ಕೆ ಹೋಗುತ್ತವೆ. ಎರಡೂವರೆ ಜಿಬಿಗೆ ಒಂದೂಕಾಲು ಗಂಟೆ. ಸಹಾಯಕ ಅವುಗಳಲ್ಲಿ ಆಯ್ಕೆ ಮಾಡಿ ಪಟ್ಟಿ ಕಳಿಸುತ್ತಾನೆ. ಆಯ್ದ ಇನ್ನೂರರಷ್ಟು ಚಿತ್ರಗಳ ರಾ ಪ್ರತಿ, 6 ಜಿಬಿ, ಮೂರು ಗಂಟೆಯಲ್ಲಿ ತಲುಪುತ್ತದೆ. 135 ಜಿಬಿಯ ವಿಡಿಯೊ ಇಂಟರ್‌ನೆಟ್ಟಿನ ಮೇಲೆ ಹೋಗುವುದೇ ಇಲ್ಲ. ಚಿತ್ರೀಕರಣ ಮುಗಿಸಿ ಮಂಡ್ಯಕ್ಕೆ ಮರಳುವಾಗ ಸಹಾಯಕನೇ ಡಿಸ್ಕಿನಲ್ಲಿ ಒಯ್ಯುತ್ತಾನೆ, ಒಂದು ಪ್ರತಿ ನ್ಯಾಸಿನಲ್ಲಿ ಉಳಿದ ಮೇಲೆ. ನಲವತ್ತೈದು ಕಿಲೋಮೀಟರಿನ ರೈಲು ಪ್ರಯಾಣ ಎಂಥ ಕೇಬಲನ್ನೂ ಸೋಲಿಸುತ್ತದೆ; ಎರಡು ಟಿಬಿಯ ಡಿಸ್ಕನ್ನು 5 ಎಂಬಿಪಿಎಸ್ಸಿನಲ್ಲಿ ಕಳಿಸಲು 37 ದಿನ ಬೇಕು. ಮೊದಲು ಛಾಯಾಗ್ರಾಹಕರಿಗೆ ಇದು ಹಿಂದಕ್ಕೆ ಹೋದಂತೆ ಅನ್ನಿಸಿತ್ತು. ನನ್ನ ಅಭಿಪ್ರಾಯದಲ್ಲಿ ಇಡೀ ಪ್ರಕರಣದಲ್ಲಿ ಅವರು ತೆಗೆದುಕೊಂಡ ಅತ್ಯಂತ ಜಾಣ ತೀರ್ಮಾನ ಅದು.

ಸ್ಟ್ಯಾಟಿಕ್ ಐಪಿಯನ್ನು ಮುಂಗಡ ಕಟ್ಟಿದ ಮೂರು ತಿಂಗಳ ಮಟ್ಟಿಗೆ ವೈರ್‌ಗಾರ್ಡ್ ಎಂಬ ಖಾಸಗಿ ಸುರಂಗಕ್ಕೆ ಬಳಸಿದೆವು. ಹೊರಗೆ ಕಾಣುವುದು ಅದೊಂದೇ ಪೋರ್ಟ್, ಮತ್ತು ಸರಿಯಾದ ಕೀಲಿ ಇಲ್ಲದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲ. ಅವಧಿ ಮುಗಿದಾಗ ನವೀಕರಿಸಬೇಕೇ ಎಂಬ ಪ್ರಶ್ನೆ ಬಂತು. ಅಷ್ಟರಲ್ಲಿ, ಎರಡೂ ಕಡೆಯ ಯಂತ್ರಗಳು ತಾವಾಗಿ ಹೊರಕ್ಕೆ ಕರೆ ಮಾಡಿ ನಡುವೆ ಒಬ್ಬ ಪರಿಚಯಗಾರನ ಮೂಲಕ ಪರಸ್ಪರ ಸೇರಿಕೊಳ್ಳುವ ಬಗೆಯ ಸೇವೆಯನ್ನು ಪರೀಕ್ಷಿಸಿದ್ದೆವು. ವಿಳಾಸ ಹಂಚಿಕೆಯ ಹಿಂದೆ ಕುಳಿತಿದ್ದರೂ ಮಂಡ್ಯದ ಮನೆಯ ಸಂಪರ್ಕದಿಂದ ನೇರ ಸುರಂಗ ಏರ್ಪಟ್ಟಿತು; ಮೊಬೈಲಿನಿಂದ ಪ್ರಯತ್ನಿಸಿದಾಗ ಮಾತ್ರ ನಡುವಿನ ಸರ್ವರ್ ಮೂಲಕ ಸುತ್ತಿಬಂತು, ಸ್ವಲ್ಪ ನಿಧಾನವಾಗಿ. ಅವರ ಕೆಲಸಕ್ಕೆ ಅಷ್ಟು ಸಾಕಿತ್ತು. ಸ್ಟ್ಯಾಟಿಕ್ ಐಪಿ ಬಿಟ್ಟರು. ಐಪಿವಿ6 ಎಂಬ ಹೊಸ ಮಾದರಿಯ ವಿಳಾಸ ಸಿಕ್ಕಿದ್ದರೆ ಈ ಕಸರತ್ತೇ ಬೇಕಿರಲಿಲ್ಲ, ಏಕೆಂದರೆ ಅದರಲ್ಲಿ ಪ್ರತಿ ಉಪಕರಣಕ್ಕೂ ಸ್ವಂತ ವಿಳಾಸ ಕೊಡುವಷ್ಟು ಜಾಗವಿದೆ; ಸಂಸ್ಥೆಯ ಕೇಬಲ್ ಸಂಪರ್ಕದಲ್ಲಿ ಅದು ಆಗ ಇರಲಿಲ್ಲ.

ವರ್ಷ ಕಳೆಯುವಷ್ಟರಲ್ಲಿ ಸಂಸ್ಥೆ ಆ ಬೀದಿಯ ತಾಮ್ರವನ್ನು ತೆಗೆದು ಫೈಬರ್ ಎಳೆಯಿತು. ಜಿಪಾನ್ ಮಾದರಿಯ ಫೈಬರಿನಲ್ಲಿ ಒಂದು ಎಳೆಗೆ ಡೌನ್‌ಲೋಡ್ 2.5 ಜಿಬಿಪಿಎಸ್, ಅಪ್‌ಲೋಡ್ 1.25 ಜಿಬಿಪಿಎಸ್‌ನಷ್ಟು ಇದ್ದು, ಅದನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಬೀದಿಯ ಮಿಕ್ಸಿ ಮೋಟಾರುಗಳ ಗದ್ದಲ ಬೆಳಕಿನ ಎಳೆಯನ್ನು ತಾಗುವುದಿಲ್ಲ. ಅವರ ಹೊಸ ಯೋಜನೆಯಲ್ಲಿ ಅಪ್‌ಲೋಡ್ 50 ಎಂಬಿಪಿಎಸ್. 210 ಜಿಬಿಗೆ 93 ಗಂಟೆಯಿದ್ದದ್ದು ಒಂಬತ್ತೂಕಾಲು ಗಂಟೆಗೆ ಇಳಿಯಿತು, ಅಂದರೆ ಒಂದು ರಾತ್ರಿಯ ಕೆಲಸ. ಆ ಸಂಭ್ರಮದಲ್ಲಿ ಅವರು ರೌಟರಿನ ಪುಟ ತೆರೆದು ಹೊರಮುಖದ ವಿಳಾಸ ನೋಡಿ ನನಗೆ ಫೋಟೊ ಕಳಿಸಿದರು: ಇನ್ನೂ 100ರಿಂದಲೇ ಆರಂಭ. ವೇಗ ಹತ್ತು ಪಟ್ಟಾದರೂ ವಿಳಾಸದ ಸ್ಥಿತಿ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ.

ಇಂಥ ದೂರು ಹೊತ್ತು ಬಂದವರಿಗೆ ನಾನು ಈಗ ಯೋಜನೆ, ರೌಟರ್, ಸ್ಟ್ಯಾಟಿಕ್ ಐಪಿ ಯಾವುದರ ಮಾತನ್ನೂ ಮೊದಲು ಎತ್ತುವುದಿಲ್ಲ. ಅಪ್‌ಲೋಡ್ ಮಿತಿ ಎಷ್ಟೆಂದು ಸಂಸ್ಥೆಯಿಂದ ಲಿಖಿತವಾಗಿ ತರಿಸಿಕೊಳ್ಳಲು, ಕಳಿಸಿದ ಡೇಟಾ ತಿಂಗಳ ಕೋಟಾದಲ್ಲಿ ಎಣಿಕೆಯಾಗುತ್ತದೆಯೇ ಎಂದು ಕೇಳಲು, ರೌಟರಿನ ಹೊರಮುಖದ ವಿಳಾಸವನ್ನು ಬರೆದುಕೊಂಡು ಬರಲು ಹೇಳುತ್ತೇನೆ. ಛಾಯಾಗ್ರಾಹಕರ ಪ್ರಕರಣದಲ್ಲಿ ಮೊದಲ ಎರಡು ಉತ್ತರಗಳಿಗೆ ಒಂದು ಫೋನು, ಮೂರನೆಯದಕ್ಕೆ ಎರಡು ನಿಮಿಷ ಸಾಕಾಗುತ್ತಿತ್ತು. ಅವರ ಸಹಾಯಕ ಈಗಲೂ ವಿಡಿಯೊ ಡಿಸ್ಕನ್ನು ಚೀಲದಲ್ಲಿಟ್ಟುಕೊಂಡೇ ಊರಿಗೆ ಹೋಗುತ್ತಾನೆ. ಫೈಬರ್ ಬಂದ ಮೇಲೂ ಕೆಲಸದ ಕ್ರಮವನ್ನು ಬದಲಿಸುವ ಅಗತ್ಯ ಇಬ್ಬರಿಗೂ ಕಂಡಿಲ್ಲ.